ಸೊನ್ನೆ ಬಂದರೆ

ನಲವತ್ತಮೂರನೆಯದನ್ನು ಮಡಚಿಟ್ಟು ಅವಳು ನಲವತ್ತನಾಲ್ಕನೆಯದಕ್ಕೆ ಬಂದಳು. ಬೆಳಗಿನಿಂದ ಇದೇ ಕೆಲಸ. ಆಸ್ಪತ್ರೆಯ ಪ್ರಯೋಗಾಲಯದ ವರದಿಗಳನ್ನು ಪರದೆಗೆ ತರುವ ಹಳೆಯ ಕಂಪ್ಯೂಟರ್ ಸ್ಕ್ರಿಪ್ಟುಗಳನ್ನು ಹೊಸ ಯಂತ್ರಕ್ಕೆ ಸಾಗಿಸುವ ಮೊದಲು ಚೊಕ್ಕಟ ಮಾಡಬೇಕು. ಎಲ್ಲೆಲ್ಲಿ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎಂದು ಐದಾರು ಸಾಲು ಕಾಲು ಚಾಚಿ ಕೂತಿದೆಯೋ ಅಲ್ಲೆಲ್ಲ ಒಂದೇ ಸಾಲಿಗೆ ಇಳಿಸಬೇಕು. ಮೊದಲು ಒಂದು ಷರತ್ತು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಹೌದಾದರೆ ಕೊಡಬೇಕಾದದ್ದು, ಆಮೇಲೆ ಮೇಲೊಂದು ಕೆಳಗೊಂದು ಎರಡು ಚುಕ್ಕಿ, ಅಲ್ಲವಾದರೆ ಕೊಡಬೇಕಾದದ್ದು. ಟರ್ನರಿ ಎಂದು ಇದರ ಹೆಸರು. ಒಣಗಿದ ಹೊದಿಕೆಯ ಎರಡು ತುದಿ ಹಿಡಿದು ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿದಾಗ ಸಿಗುವ ಸಮಾಧಾನವೇ ಇದರಲ್ಲೂ ಸಿಗುತ್ತಿತ್ತು. ಮೂವತ್ತೊಂಬತ್ತನೆಯ ವಯಸ್ಸಿಗೆ ಈ ಕೆಲಸ ಕಲಿತವಳು ಅವಳು. ಹರಡಿದ್ದನ್ನು ಮಡಚಿಡುವುದನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ. ಬೆಳಿಗ್ಗೆ ಗಂಡ ಶೂ ಲೇಸು ಕಟ್ಟಿಕೊಳ್ಳುತ್ತ, "ಭಾನುವಾರ ತಂಗಿ ಮನೆಗೆ ಬರ್ತೀಯೋ ಇಲ್ವೋ? ಒಂದೇ ಮಾತಲ್ಲಿ ಹೇಳಿಬಿಡು ಮಾರಾಯ್ತಿ," ಎಂದಿದ್ದ. ಇಪ್ಪತ್ತೆರಡು ವರ್ಷಗಳಿಂದ ಅವನ ಪ್ರಶ್ನೆಗಳೆಲ್ಲ ಹೀಗೇ, ಎರಡು ಬಾಗಿಲು ತೆರೆದಿಟ್ಟು ನಿಲ್ಲುತ್ತವೆ. ಕೆಟ್ಟವನಲ್ಲ, ಅವಸರದವನು. "ಸಂಜೆ ಹೇಳ್ತೀನಿ," ಎಂದು ಅವಳು ಬಸ್ಸು ಹಿಡಿದಿದ್ದಳು.

ನಲವತ್ತನಾಲ್ಕನೆಯದು ಎಂಟು ಸಾಲಿತ್ತು. ಯಾರ ಕೈಯೆಂದು ನೋಡುತ್ತಲೇ ತಿಳಿಯಿತು. ಇಷ್ಟು ಅಂತರ ಬಿಟ್ಟು, ಪ್ರತಿ ಸಾಲಿಗೂ ಉಸಿರಾಡಲು ಜಾಗ ಕೊಟ್ಟು ಬರೆಯುತ್ತಿದ್ದವರು ಈ ಕಚೇರಿಯಲ್ಲಿ ಒಬ್ಬರೇ. ಆರು ವರ್ಷದ ಹಿಂದೆ ನಿವೃತ್ತರಾದ ಆ ಹಿರಿಯ ಹೆಂಗಸಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಉದ್ದಕ್ಕ. ಆಳು ನೋಡಿದರೆ ಕಪಾಟಿನ ಎರಡನೆಯ ಹಲಗೆಗೂ ಕೈ ಎಟುಕದಷ್ಟು ಗಿಡ್ಡ. ಬರೆದದ್ದು ಮಾತ್ರ ಎಲ್ಲಿಯೂ ಮುಗಿಯುವಂಥದ್ದಲ್ಲ. ಅವಳು ಎಂಟು ಸಾಲನ್ನೂ ಪೂರ್ತಿ ಓದಲಿಲ್ಲ. ಕೊರಳಿನ ಮತ್ತು ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟುಗಳಲ್ಲಿ ಎಷ್ಟಕ್ಕೆ ಕ್ಯಾನ್ಸರ್ ರೋಗ ಹಬ್ಬಿದೆ ಎಂಬ ಲೆಕ್ಕ ಅದು. ಲೆಕ್ಕ ಬಂದಿದ್ದರೆ ಲೆಕ್ಕವನ್ನು ತೋರಿಸಬೇಕು, ಬಂದಿಲ್ಲದಿದ್ದರೆ 'ಬಾಕಿ' ಎಂದು ತೋರಿಸಬೇಕು. ಬೆರಳುಗಳು ತಾವಾಗಿ ಬರೆದವು: ಗಂಟು, ಪ್ರಶ್ನಾರ್ಥಕ ಚಿಹ್ನೆ, ಗಂಟು, ಎರಡು ಚುಕ್ಕಿ, 'ಬಾಕಿ'. ಎಂಟು ಸಾಲು ಒಂದಾಯಿತು. ಇನ್ನೇನು ಉಳಿಸುವ ಗುಂಡಿ ಒತ್ತಬೇಕು, ಆಗ ಕಿವಿಯ ಹತ್ತಿರ ಹಿಂದಿನಂತೆ ಉದ್ದಕ್ಕ ಬಗ್ಗಿ ಕೇಳಿದಂತಾಯಿತು, ಮೂಗಿನ ಮೇಲಿಂದ ಜಾರುವ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತ: "ಸೊನ್ನೆ ಬಂದ್ರೆ ಏನಾಗುತ್ತಮ್ಮ?"

ಅವಳ ಕೈ ನಿಂತಿತು. ಸೊನ್ನೆ ಬಂದರೆ. ಈ ಭಾಷೆಗೆ ಸೊನ್ನೆಯೆಂದರೆ 'ಇಲ್ಲ'. ಅದರ ಕಣ್ಣಿಗೆ ಖಾಲಿ ಬಿಟ್ಟ ಜಾಗವೂ ಒಂದೇ, ಎಣಿಸಿ ನೋಡಿ ಬರೆದ ಸೊನ್ನೆಯೂ ಒಂದೇ. ವೈದ್ಯರು ಹನ್ನೆರಡು ಗಂಟುಗಳನ್ನು ಕೊಯ್ದು, ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ಇಟ್ಟು, ಯಾವುದಕ್ಕೂ ರೋಗ ಹಬ್ಬಿಲ್ಲವೆಂದು ಕಂಡು ಸೊನ್ನೆ ಎಂದು ಬರೆದರೆ, ಅವಳ ಒಂದು ಸಾಲು ಅದನ್ನು ನೋಡಿ, ಏನೂ ಇಲ್ಲ, ವರದಿ ಇನ್ನೂ ಬಂದಿಲ್ಲ, ಬಾಕಿ ಎನ್ನುತ್ತದೆ. ಮೂರು ಗಂಟಿಗೆ ಹಬ್ಬಿದ್ದರೆ ಮೂರು ಎಂದು ಸರಿಯಾಗಿಯೇ ಹೇಳುತ್ತದೆ. ಕೆಟ್ಟ ಸುದ್ದಿಯನ್ನು ಆ ಕ್ಷಣಕ್ಕೆ ಮುಟ್ಟಿಸಿ, ಒಳ್ಳೆಯದನ್ನು ಮಾತ್ರ ಬಚ್ಚಿಟ್ಟುಕೊಳ್ಳುವ ಸಾಲು. ಅವಳು ಬರೆದದ್ದನ್ನು ಅಳಿಸಿದಳು. ಎಂಟು ಸಾಲೂ ಮತ್ತೆ ತಮ್ಮ ಜಾಗದಲ್ಲಿ ಬಂದು ಕೂತವು. ಈಗ ಓದಿದರೆ ಸೊನ್ನೆಗೆಂದೇ ಬೇರೆಯಾಗಿ ಎರಡು ಸಾಲಿತ್ತು: ಲೆಕ್ಕ ಸೊನ್ನೆಯಾದರೆ 'ಸೊನ್ನೆ, ಹಬ್ಬಿಲ್ಲ' ಎಂದು ಅಕ್ಷರದಲ್ಲಿ ತೋರಿಸು. ಉದ್ದಕ್ಕನಿಗೆ ಇದು ಮೊದಲೇ ಹೇಗೆ ಹೊಳೆಯಿತು ಎಂಬ ಕುತೂಹಲಕ್ಕೆ ಅವಳು ಆ ಕಡತದ ಚರಿತ್ರೆ ತೆರೆದಳು. ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಬದಲಿಸಿದರೆಂದು ಅಲ್ಲಿ ದಾಖಲಾಗಿರುತ್ತದೆ. ಹಳೆಯ ಯಂತ್ರದಲ್ಲಿ ಸಿಕ್ಕಿಕೊಂಡಿದ್ದ ಚರಿತ್ರೆಯನ್ನು ಹೊಸದಕ್ಕೆ ಜೋಡಿಸಿ ಇನ್ನೂ ವಾರವಾಗಿತ್ತಷ್ಟೆ.

ಏಳು ವರ್ಷದ ಹಿಂದಿನ ಒಂದು ಗುರುವಾರ, ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ, ಉದ್ದಕ್ಕ ಒಂದು ಸಾಲನ್ನು ತೆಗೆದು ಎಂಟು ಸಾಲು ಬರೆದಿದ್ದರು. ತೆಗೆದ ಸಾಲು ಕೆಂಪು ಬಣ್ಣದಲ್ಲಿತ್ತು. ಗಂಟು, ಪ್ರಶ್ನಾರ್ಥಕ ಚಿಹ್ನೆ, ಗಂಟು, ಎರಡು ಚುಕ್ಕಿ, 'ಬಾಕಿ'. ಈಗಷ್ಟೇ ಅವಳು ಬರೆದು ಅಳಿಸಿದ ಸಾಲು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅದರ ಮಗ್ಗುಲಲ್ಲಿ ಅದನ್ನು ಬರೆದವಳ ಹೆಸರಿತ್ತು. ಅವಳದೇ ಹೆಸರು. ಕೆಳಗೆ ಉದ್ದಕ್ಕನ ಟಿಪ್ಪಣಿ: 'ಸೊನ್ನೆಯೂ ಉತ್ತರವೇ. ಒಂಬತ್ತು ದಿನ ತಪ್ಪು ತೋರಿಸಿದೆ. ಹದಿನಾಲ್ಕು ಜನ. ಇವತ್ತೇ ಎಲ್ಲರಿಗೂ ತಿಳಿಸುತ್ತೇನೆ.'

ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು, ಏಕೆ ಸರಿಸಿದಳೋ ತಿಳಿಯಲಿಲ್ಲ, ಮತ್ತೆ ಮುಂದಕ್ಕೆಳೆದುಕೊಂಡಳು. ಕೋಣೆಯಲ್ಲಿ ಐದಾರು ಜನ ತಮ್ಮ ತಮ್ಮ ಪರದೆಯೊಳಗೆ ಮುಳುಗಿದ್ದರು, ಪ್ರಿಂಟರು ಯಾರಿಗೋ ಏನನ್ನೋ ಮುದ್ರಿಸುತ್ತಿತ್ತು. ಆ ಗುರುವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಆಗಿನ ಮುಖ್ಯಾಧಿಕಾರಿ ಎಲ್ಲರನ್ನೂ ಈ ಕೋಣೆಯಲ್ಲೇ ನಿಲ್ಲಿಸಿ, "ಒಂಬತ್ತು ದಿನ! ಯಾರ ಕೆಲಸ ಇದು?" ಎಂದು ಕೂಗಾಡಿದ್ದರು. ಉದ್ದಕ್ಕ ಮುಡಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ನನ್ನಿಂದ ಆಯ್ತು ಸಾರ್. ಸರಿ ಮಾಡಿದೀನಿ," ಎಂದಿದ್ದರು. "ಈ ವಯಸ್ಸಲ್ಲಿ ಮನೇಲಿ ಕೂರೋದು ಬಿಟ್ಟು..." ಎಂದು ಅಧಿಕಾರಿ ಇನ್ನೂ ಏನೇನೋ ಅಂದರು. ಉದ್ದಕ್ಕ ಪೆನ್ಸಿಲನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡರು. ಅವಳು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳ ಕೆಲಸವನ್ನು ಎರಡು ದಿನದ ಜ್ವರವೆಂಬಂತೆ ನೋಡುತ್ತಿದ್ದ ಕಾಲ. ಆ ಕಡತದಲ್ಲಿ ತಾನೂ ಕೈಯಾಡಿಸಿದ್ದೆನಲ್ಲ ಎಂಬ ಅನುಮಾನ ಒಮ್ಮೆ ಸುಳಿದಿತ್ತು. ಹೌದು, ಸುಳಿದಿತ್ತು. ಇಷ್ಟು ವರ್ಷ ಅದು ಸುಳಿಯಲೇ ಇಲ್ಲವೆಂಬಂತೆ ಬದುಕಿದ್ದಳು. ಜಾಗಕ್ಕೆ ಹೋಗಿ ಕಡತ ತೆರೆದು ನೋಡಿದಾಗ ಅಲ್ಲಿ ಉದ್ದಕ್ಕನ ಎಂಟು ಸಾಲು ಮಾತ್ರ ಇತ್ತು. ಸರಿ, ಅವರದೇ ಇರಬೇಕು ಎಂದುಕೊಂಡಳು. ಬೇಕೆಂದಿದ್ದರೆ ಹಿಂದಿನ ವಾರದ ಪ್ರತಿಯನ್ನು ಕೇಳಿ ತರಿಸಬಹುದಿತ್ತು. ತರಿಸಲಿಲ್ಲ. ಆ ಸಂಜೆ ಚಹಾ ಸೋಸುತ್ತ ಗಂಡನಿಗೆ, "ಪಾಪ ಕಣ್ರೀ, ವಯಸ್ಸಾಯ್ತು ಅವರಿಗೆ," ಎಂದಿದ್ದಳು. ಆ 'ಪಾಪ' ಈಗ ಪರದೆಯ ಮೇಲೆ ಕೆಂಪಾಗಿ ಮಿನುಗಿದಂತಾಯಿತು.

ಅಂದಿನಿಂದ ಹನ್ನೊಂದು ತಿಂಗಳು ಉದ್ದಕ್ಕ ಅವಳ ಮಗ್ಗುಲಲ್ಲೇ ಕೂತಿದ್ದರು. ತಾವಾಗಿಯೇ ಜಾಗ ಬದಲಿಸಿಕೊಂಡು ಬಂದಿದ್ದರು, ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ನೆಪ ಹೇಳಿ. ಅವಳು ಏನು ಬರೆದರೂ ಬಗ್ಗಿ ನೋಡಿ ಅದೇ ಪ್ರಶ್ನೆ. ಸೊನ್ನೆ ಬಂದ್ರೆ ಏನಾಗುತ್ತೆ? ಖಾಲಿ ಬಂದ್ರೆ? ಮೂರನೇದು ಏನಾದ್ರೂ ಬಂದ್ರೆ? ಅವಳಿಗೆ ರೇಗುತ್ತಿತ್ತು. ತಾವು ತಪ್ಪು ಮಾಡಿ ಬೈಸಿಕೊಂಡು ಈಗ ನನ್ನ ಮೇಲೆ ಪಾಠ ಒಪ್ಪಿಸುತ್ತಿದ್ದಾರೆ ಎಂದು ಅನಿಸುತ್ತಿತ್ತು. ಕ್ಯಾಂಟೀನಿನಲ್ಲಿ ಚಮಚವನ್ನು ಮುಡಿಗೆ ಸಿಕ್ಕಿಸಿಕೊಂಡು, "ಸಕ್ಕರೆ ಸೊನ್ನೆ ಬಂದ್ರೆ ಏನಾಗುತ್ತಮ್ಮ?" ಎಂದು ಅಣಕಿಸಿ ಒಂದು ಮೇಜು ಜನರನ್ನು ನಗಿಸಿದ್ದಳು. ನಗಿಸಬಲ್ಲೆ ಎಂದು ತಿಳಿದದ್ದು ಆಗಲೇ. ಕಚೇರಿಯಲ್ಲಿ ಗೆಳತಿಯರು ಸಿಕ್ಕಿದ್ದೂ ಆ ಚಮಚದಿಂದಲೇ. ನಿವೃತ್ತಿಯಾದ ಮೇಲೂ ಎರಡು ವರ್ಷ ಉದ್ದಕ್ಕನನ್ನು ಉಳಿಸಿಕೊಳ್ಳುವ ಮಾತಿತ್ತು. ಒಂಬತ್ತು ದಿನದ ಪ್ರಕರಣವಾದ ಮೇಲೆ ಅದನ್ನು ಯಾರೂ ಎತ್ತಲಿಲ್ಲ. ಬೀಳ್ಕೊಡುಗೆಯ ಕಾರ್ಡಿನಲ್ಲಿ ಎಲ್ಲರೂ ನಾಲ್ಕೈದು ಸಾಲು ಬರೆದಿದ್ದರು. ಅವಳು ಬರೆದದ್ದು ಒಂದೇ ಸಾಲು, 'ಆರೋಗ್ಯವಾಗಿರಿ.' ಆದರೂ ಆ ಪ್ರಶ್ನೆ ಅವಳ ಜೊತೆಯಲ್ಲೇ ಉಳಿದಿತ್ತು. ಮಗಳ ಪ್ರವೇಶದ ಅರ್ಜಿ ತುಂಬುವಾಗ, ಮಾವನ ಮಾತ್ರೆಯ ಡಬ್ಬಿ ಜೋಡಿಸುವಾಗ, ಯಾರೋ ಒಬ್ಬರು ಮಾತಾಡದೆ ಕೂತಾಗ ಅವರಿಗೆ ಹೇಳಲು ಏನೂ ಇಲ್ಲವೆಂದುಕೊಳ್ಳುವ ಮೊದಲು. ಆರು ವರ್ಷದಲ್ಲಿ ಅವಳ ಕೈಯಿಂದ ಒಂದೂ ದೊಡ್ಡ ತಪ್ಪು ಹೊರಗೆ ಹೋಗಿರಲಿಲ್ಲ. 'ಗಟ್ಟಿ ಕೈ' ಎಂದು ಅವಳಿಗೆ ಹೆಸರಿತ್ತು. ಯಾರ ಕೈ ಅದು ಎಂದು ಅವಳು ಈಗ ಕೇಳಿಕೊಂಡಳು.

"ಆಯ್ತಾ ಅಕ್ಕಾ?" ತಂಡದ ಮುಖ್ಯಸ್ಥೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು, ಚುರುಕು. ಸಾಲು, ಸಭೆ, ಕೂದಲು ಎಲ್ಲವೂ ಗಿಡ್ಡವಿರಬೇಕು ಎನ್ನುವವಳಾದ್ದರಿಂದ ಎಲ್ಲರ ಬಾಯಲ್ಲಿ ಚುಟುಕು. ಅದು ತನ್ನ ಅಡ್ಡಹೆಸರೆಂದು ಅವಳಿಗೂ ಗೊತ್ತಿತ್ತು, ಖುಷಿಯೂ ಇತ್ತು. "ಮೂರು ಗಂಟೆಗೆ ಹೊಸಬರ ಕ್ಲಾಸು. ಆ ಎಂಟು ಸಾಲಿಂದು ಇದೆಯಲ್ಲ, ಮ್ಯೂಸಿಯಂ ಪೀಸು, ಅದನ್ನ ಒಂದು ಕಡೆ, ನಿಮ್ಮ ಒಂದು ಸಾಲನ್ನ ಇನ್ನೊಂದು ಕಡೆ ತೋರಿಸಿಬಿಡಿ. ಹೇಗೆ ಬರೀಬಾರದು ಅಂತ ಒಂದೇ ಏಟಿಗೆ ಗೊತ್ತಾಗುತ್ತೆ. ಸ್ವಲ್ಪ ನಗ್ಲಿ ಪಾಪ, ಬೆಳಿಗ್ಗೆಯಿಂದ ತೂಕಡಿಸ್ತಿದಾರೆ."

"ತೋರಿಸ್ತೀನಿ," ಎಂದಳು ಅವಳು.

ಊಟದ ಡಬ್ಬಿ ತೆರೆಯದೆ ಅವಳು ಮೆಟ್ಟಿಲ ತಿರುವಿಗೆ ಹೋಗಿ ಫೋನು ಮಾಡಿದಳು. ಹೊಸ ವರ್ಷದ ಶುಭಾಶಯ ಬಿಟ್ಟರೆ ಆ ನಂಬರಿಗೆ ಅವಳು ಏನನ್ನೂ ಕಳಿಸಿರಲಿಲ್ಲ. ಬಹಳ ಹೊತ್ತು ಬಾರಿಸಿದ ಮೇಲೆ, ಹಿಂದೆ ನೀರು ಬೀಳುವ ಸದ್ದಿನ ನಡುವೆ ಉದ್ದಕ್ಕನ ದನಿ ಬಂತು. "ಯಾರು? ಅಯ್ಯೋ ನೀನಾ! ತಡಿ, ನಲ್ಲಿ ನಿಲ್ಲಿಸ್ತೀನಿ. ಏನಮ್ಮ, ಕಚೇರಿ ಬಿದ್ದುಹೋಯ್ತಾ?"

"ಇಲ್ಲ ಮೇಡಂ. ಹಳೇ ಚರಿತ್ರೆ ಎಲ್ಲ ಹೊಸ ಯಂತ್ರಕ್ಕೆ ಬಂದಿದೆ. ಗಂಟಿನ ಲೆಕ್ಕದ್ದು ನೋಡಿದೆ. ಆ ಸಾಲು... ಅದು ನಂದು."

"ಯಾವ ಸಾಲು? ನಂಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ. ಊಟ ಆಯ್ತಾ ನಿಂದು?"

"ಮೇಡಂ, ದಯವಿಟ್ಟು. ಯಾಕೆ ಹೇಳ್ಲಿಲ್ಲ ನೀವು?"

"ಹೇಳಿ? ನಾಲ್ಕು ತಿಂಗಳ ಕೂಸು ನೀನು. ನಿನ್ನ ಕಳಿಸಿಬಿಡೋರು, ನೀನು ಮನೇಲಿ ಕೂತು ನನಗಿದು ಬರಲ್ಲ ಅಂದ್ಕೊಳ್ತಿದ್ದೆ. ನಾನು ಹೇಗಿದ್ರೂ ಹೊರಡೋಳು. ಅದೂ ಅಲ್ಲದೆ, ನೀನು ಬರೆದಿದ್ದನ್ನ ನೋಡಿ ಸರಿ ಅಂತ ಒಪ್ಪಿದೋಳು ನಾನು ತಾನೆ? ಎಷ್ಟು ಚೆಂದ ಒಂದೇ ಸಾಲಲ್ಲಿ ಬರೆದಿದಾಳಲ್ಲ ಹುಡುಗಿ ಅಂತ ಖುಷಿಯಾಗಿ ಮೇಲೆ ಮೇಲೆ ನೋಡಿದೆ. ನಂದೂ ತಪ್ಪೇ. ಸುಳ್ಳೇನೂ ಹೇಳ್ಲಿಲ್ಲಪ್ಪ ನಾನು."

ಹುಡುಗಿ. ಮೂವತ್ತೊಂಬತ್ತು ತುಂಬಿದ, ತಲೆಗೆ ಬಣ್ಣ ಹಚ್ಚುತ್ತಿದ್ದ ಹುಡುಗಿ. ಅವಳು ಕಂಬಿಯನ್ನು ಹಿಡಿದುಕೊಂಡಳು. "ಆ ಹದಿನಾಲ್ಕು ಜನ?"

"ಎಲ್ರಿಗೂ ಅವತ್ತೇ ಫೋನ್ ಮಾಡಿದೆ. ಹದಿಮೂರು ಜನ ಎತ್ತಿದ್ರು. ಒಬ್ರು ಬೈದ್ರು, ಒಬ್ರು ಅತ್ರು, ಒಬ್ಬ ತಾತ ನನಗೇ ಆಶೀರ್ವಾದ ಮಾಡಿದ. ಇನ್ನೊಬ್ಬಳು ಎತ್ತಲೇ ಇಲ್ಲ. ವಿಳಾಸ ಹುಡುಕ್ಕೊಂಡು ಮನೆಗೇ ಹೋದೆ, ಹಳೇ ಅಂಚೆ ಕಚೇರಿ ಹಿಂದಿನ ಬೀದಿ. ಕೊರಳಲ್ಲಿ ಅಳತೆ ಟೇಪು ಹಾಕ್ಕೊಂಡೇ ಬಾಗಿಲು ತೆಗೆದ್ಲು. ಹೊಲಿಗೆಯವಳು. ಸೊನ್ನೆ ಕಣಮ್ಮ, ಏನೂ ಹಬ್ಬಿಲ್ಲ ಅಂದೆ. ನನ್ನ ಕೂರಿಸಿ, ಮಾತಾಡದೆ ಒಳಗೆ ಹೋಗಿ ಅರ್ಧ ಗಂಟೆ ಮಿಷನ್ ತುಳಿದ್ಲು. ಆಮೇಲೆ ಬಂದು ನೀರು ಕೊಟ್ಲು." ಉದ್ದಕ್ಕ ನಕ್ಕರು. "ಈಗಲೂ ನನ್ನ ಬಟ್ಟೆ ಎಲ್ಲಾ ಅವಳ ಹತ್ರಾನೇ. ಚೆನ್ನಾಗಿ ಹೊಲೀತಾಳೆ, ಆದ್ರೆ ಕಾಯಿಸ್ತಾಳೆ, ಅಬ್ಬಬ್ಬಾ! ಸರಿ, ಊಟ ಮಾಡು ಹೋಗು. ಮತ್ತೆ ಕೇಳು, ಆ ಪ್ರಶ್ನಾರ್ಥಕ ಚಿಹ್ನೆ ಮೇಲೆ ಕೋಪ ಮಾಡ್ಕೋಬೇಡ. ಅದರದ್ದೇನೂ ತಪ್ಪಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೆ ಅಷ್ಟೆ."

"ಮೇಡಂ, ನಾನು ಕ್ಯಾಂಟೀನಲ್ಲಿ ನಿಮ್ಮನ್ನ..."

"ಚಮಚದ್ದಾ? ಕಂಬದ ಹಿಂದೆ ನಿಂತು ನೋಡಿದೀನಿ. ಪೆನ್ಸಿಲ್ಲು ಎಡಗಡೆ ಇಡ್ತಿದ್ದೆ ನಾನು, ನೀನು ಬಲಗಡೆ ಇಟ್ಟಿದ್ದೆ."

ಫೋನು ಇಟ್ಟಮೇಲೂ ಅವಳು ಅಲ್ಲೇ ನಿಂತಿದ್ದಳು. ಅಳತೆಯ ಟೇಪು. ಆ ಒಂಬತ್ತು ದಿನಗಳಲ್ಲಿ ಯಾವುದೋ ಒಂದು ದಿನ, ನೀರಿನ ಬಾಟಲಿ ತುಂಬಿಸಲು ವರದಿಗಳ ಕೌಂಟರು ದಾಟಿ ಹೋಗುವಾಗ, ಮೂರನೆಯ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಿದ್ದಳು. ಹಳದಿ ಟೇಪನ್ನು ಕೊರಳಲ್ಲೇ ಮರೆತು ಬಂದಿದ್ದಳು. ತುದಿಯ ತಗಡು ಎದೆಯ ಮೇಲೆ ಅಲ್ಲಾಡುತ್ತಿತ್ತು. "ಅಕ್ಕಾ, ನೀವು ಒಳಗಿನವರಲ್ವಾ? ದಿನಾ ಬಾಕಿ ಅಂತಾನೇ ತೋರಿಸ್ತಿದೆ. ಸ್ವಲ್ಪ ನೋಡಿ ಹೇಳ್ತೀರಾ?" ಎಂದಿದ್ದಳು. ಅವಳು ನಡೆಯುವುದನ್ನು ನಿಲ್ಲಿಸದೆ, "ನಾನು ಕಂಪ್ಯೂಟರ್ ಕಡೆಯವಳು. ನನಗೆ ಗೊತ್ತಾಗಲ್ಲ," ಎಂದಿದ್ದಳು. ತಾನು ಕಂಪ್ಯೂಟರ್ ಕಡೆಯವಳು ಎಂದು ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು. ಆ ಮಾತಿನ ಹೆಮ್ಮೆ ಬಾಟಲಿ ತುಂಬುವವರೆಗೂ ಎದೆಯಲ್ಲಿ ಬೆಚ್ಚಗೆ ಇತ್ತು. ಹೆಂಗಸಿನ ಮುಖ ಈಗ ಎಷ್ಟು ನೆನೆದರೂ ಮೂಡುತ್ತಿಲ್ಲ, ತುದಿಯ ತಗಡು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮೂರು ಗಂಟೆಗೆ ಹೊಸಬರು ಎಂಟು ಜನ ಎರಡು ಸಾಲಾಗಿ ಕೂತಿದ್ದರು. ಗೋಡೆಯ ಪರದೆಯ ಎಡಕ್ಕೆ ಎಂಟು ಸಾಲು, ಬಲಕ್ಕೆ ಒಂದು ಸಾಲು. ನಿರೀಕ್ಷಿಸಿದಂತೆಯೇ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚುಟುಕು ಕೈಕಟ್ಟಿ ಗೋಡೆಗೊರಗಿ ಮುಗುಳ್ನಗುತ್ತಿದ್ದಳು. "ಯಾವುದು ಚೆಂದ?" ಎಂದು ಪರದೆಯ ಪಕ್ಕ ನಿಂತ ಅವಳು ಕೇಳಿದಳು. "ಒಂದು ಸಾಲಿಂದು," ಎಂದರು ಎಲ್ಲರೂ. "ನನಗೂ ಅದೇ ಚೆಂದ," ಎಂದಳು. ಅದು ನಿಜವೇ ಆಗಿತ್ತು. "ಈಗ ಇಲ್ಲಿ ಸೊನ್ನೆ ಬಂದ್ರೆ ಏನಾಗುತ್ತೆ?"

ಕೊನೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ತುಟಿಯಲ್ಲೇ ಏನೋ ಲೆಕ್ಕ ಹಾಕಿ, "ಬಾಕಿ ಅಂತ ಬರುತ್ತೆ," ಎಂದಳು. ಆಮೇಲೆ ನಿಧಾನವಾಗಿ, "ಅಂದ್ರೆ... ರೋಗ ಇಲ್ಲದೇ ಇರೋರಿಗೆ?" ಎಂದು ಮಾತು ನಿಲ್ಲಿಸಿದಳು. ಚುಟುಕು ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ಇದು ನಿಜವಾಗ್ಲೂ ಓಡ್ತಿತ್ತಾ ಅಕ್ಕಾ? ನಮ್ಮಲ್ಲಿ?"

"ಒಂಬತ್ತು ದಿನ. ಹದಿನಾಲ್ಕು ಜನ."

"ಅಯ್ಯೋ, ಯಾರು ಬರೆದಿದ್ದು ಇದನ್ನ?"

ಏಳು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇದೇ ಪ್ರಶ್ನೆ ಬಿದ್ದಾಗ ಉದ್ದಕ್ಕ ಮುಡಿಯ ಪೆನ್ಸಿಲನ್ನು ಕೈಗೆ ತೆಗೆದುಕೊಂಡದ್ದು ಅವಳಿಗೆ ನೆನಪಾಯಿತು. ಅವಳು ಬಲಗಡೆಯ ಸಾಲಿಗೆ ಬೆರಳಿಟ್ಟಳು. "ನಾನು," ಎಂದಳು. "ಎಡಗಡೆಯದ್ದು ಬರೆದವರು ನನಗೆ ಕೆಲಸ ಕಲಿಸಿದವರು. ಬೈಸಿಕೊಂಡಿದ್ದೂ ಅವರೇ. ಅವರ ಎಂಟು ಸಾಲನ್ನ ಹೊಸ ಯಂತ್ರಕ್ಕೆ ಹಾಗೇ ಕಳಿಸ್ತೀನಿ. ಉಳಿದ ನಲವತ್ತಮೂರನ್ನೂ ನಾಳೆ ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ."

ಕ್ಲಾಸು ಮುಗಿದು ಎಲ್ಲರೂ ಎದ್ದ ಮೇಲೆ ಚುಟುಕು ಹತ್ತಿರ ಬಂದು, ಎಂದಿನ ಅವಸರವಿಲ್ಲದ ದನಿಯಲ್ಲಿ, "ಅಕ್ಕಾ, ನಾನು ಬರೆದಿದ್ದನ್ನೂ ಒಂದ್ಸಲ ನೋಡ್ತೀರಾ? ಅಲ್ಲೂ ಸುಮಾರು ಇವೆ," ಎಂದಳು. "ನೋಡೋಣ ಬಾ," ಎಂದು ಅವಳು ಪಕ್ಕದ ಕುರ್ಚಿಯ ಮೇಲಿಂದ ತನ್ನ ಚೀಲವನ್ನು ಎತ್ತಿಕೊಂಡಳು.

ಮನೆಗೆ ಬಂದು ಕಾಲು ತೊಳೆದವಳೇ ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿದಳು. ಅಲ್ಲಿ, ಚಳಿಗಾಲದ ಹೊದಿಕೆಗಳ ಕೆಳಗೆ, ಕೆಲಸ ಕಾಯಂ ಆದ ತಿಂಗಳು ತನಗೆಂದೇ ಕೊಂಡ ನೀಲಿ ಬಟ್ಟೆಯಿತ್ತು, ಎರಡೂವರೆ ಮೀಟರು. ಹೊಲಿಸಲು ಪುರುಸೊತ್ತಾಗಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದಳು. ಮಡಿಕೆ ಬಿಚ್ಚಿ ಹಾಸಿಗೆಯ ಮೇಲೆ ಹರಡಿದಳು. ಮಡಚಿದಲ್ಲಿ ಮಾತ್ರ ಬಣ್ಣ ಒಂಚೂರು ಮಾಸಿತ್ತು. ಉಳಿದದ್ದೆಲ್ಲ ಕೊಂಡ ದಿನದಂತೆಯೇ ಇತ್ತು. ಉದ್ದಕ್ಕ ಆ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಆ ಸಾಲನ್ನು ನೋಡಿ, ಪಕ್ಕದ ಹೆಸರನ್ನು ನೋಡಿ, ಒಂದು ನಿಮಿಷ ಸುಮ್ಮನೆ ಕೂತಿರಬೇಕು. ಆ ಒಂದು ನಿಮಿಷದಲ್ಲಿ ಅವಳ ಈ ಏಳು ವರ್ಷವಿತ್ತು, ಈ ಕಪಾಟು, ಮಗಳ ಓದು, ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ತಾನೂ ಎಲ್ಲಿಗೋ ಹೋಗುವವಳು ಎಂದು ಅನಿಸುವ ಬೆಳಗುಗಳು. ಕೃತಜ್ಞತೆ ಎಂದರೆ ಎದೆ ಹಗುರಾಗುವುದೆಂದು ಅವಳು ತಿಳಿದಿದ್ದಳು. ಇದು ಭಾರವಾಗಿಯೇ ಇತ್ತು, ಮಲಗಿದ ಮಗುವನ್ನು ಎತ್ತಿಕೊಂಡಾಗಿನ ಭಾರ, ಇಳಿಸಬೇಕೆಂದು ಅನಿಸದ್ದು.

"ಹೇಳ್ಲೇ ಇಲ್ವಲ್ಲ," ಎಂದು ಗಂಡ ಬಾಗಿಲಿಗೆ ಬಂದ. "ಭಾನುವಾರ ಬರ್ತೀಯೋ ಇಲ್ವೋ?"

"ನೀವು ಹೋಗಿರಿ. ನಾನು ಸಂಜೆ ಹೊತ್ತಿಗೆ ಬಂದು ಸೇರ್ಕೊಳ್ತೀನಿ."

"ಇದೇನಿದು, ಹೌದೂ ಅಲ್ಲ, ಇಲ್ಲಾನೂ ಅಲ್ಲ?" ಎಂದು ನಕ್ಕು, ಹಾಸಿಗೆಯ ಮೇಲಿನ ಬಟ್ಟೆ ನೋಡಿ, "ಚೆನ್ನಾಗಿದೆ. ಹೊಸದಾ?" ಎಂದ.

"ಹಳೇದು. ಹೊಲಿಸ್ಬೇಕು."

ಅವನು ಹೋದ ಮೇಲೆ ಅವಳು ಬಟ್ಟೆಯನ್ನು ಚೀಲಕ್ಕೆ ಹಾಕಿ ಬಾಗಿಲ ಗೂಟಕ್ಕೆ ತೂಗುಹಾಕಿದಳು. ಭಾನುವಾರ ಬೆಳಿಗ್ಗೆ ಹಳೇ ಅಂಚೆ ಕಚೇರಿಯ ಹಿಂದಿನ ಬೀದಿ. ತಾನು ಯಾರೆಂದು ಅಲ್ಲಿ ಹೇಳುವುದಿಲ್ಲ. ಹೇಳಿದರೆ ಹಗುರಾಗುವುದು ತನಗೇ ಹೊರತು ಆ ಹೊಲಿಗೆಯವಳಿಗಲ್ಲ. ಅಳತೆ ಕೊಡುವುದು. ಆಮೇಲೆ ಅವಳ ಬೆಂಚಿನ ಮೇಲೆ ಕೂರುವುದು. ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದರೆ ನಾಳೆ ಹೋಗುವುದು, ನಾಡಿದ್ದು ಎಂದರೆ ನಾಡಿದ್ದು. ಅವಳು ಎಷ್ಟು ದಿನ ಕಾಯಿಸುತ್ತಾಳೋ ಅಷ್ಟು ದಿನ, ಯಾಕೆ ಎಂದು ಒಮ್ಮೆಯೂ ಕೇಳದೆ, ಕಾಯುವುದು.